ಹೊಸ ಹೆಡ್‌ಫೋನು, ಹಳೆಯ ಕಿವಿ



ಕಳೆದ ಕೆಲವು ತಿಂಗಳುಗಳಲ್ಲಿ ನಿಮ್ಮಲ್ಲಿ ಮೂರು ನಾಲ್ಕು ಮಂದಿ ನನಗೆ ಫೋನು ಮಾಡಿ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದ್ದೀರಿ: “ಸಾರ್, ಅಪ್ಪನ ಹೆಡ್‌ಫೋನು ಕೆಟ್ಟಿದೆ. ಬೇರೆ ಕೊಡಿಸಬೇಕು, ಆದರೆ ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಯಾವುದು ತೆಗೆದುಕೊಳ್ಳಲಿ?” ವಿಜ್ಞಾನದ ಮೇಷ್ಟರು ನಿವೃತ್ತರಾದರೂ ಇಂತಹ ಪ್ರಶ್ನೆಗಳಿಂದ ನಿವೃತ್ತರಾಗುವುದಿಲ್ಲ. ಸಂತೋಷವೇ. ಆದರೆ ಉತ್ತರ ಹೇಳುವ ಮೊದಲು, ಈ ವಿಷಯದಲ್ಲಿ ನಾನೇ ನಪಾಸಾದ ಪ್ರಸಂಗವನ್ನು ಹೇಳಿಬಿಡುವುದು ನ್ಯಾಯ.

ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಗಮಕ ವಾಚನವನ್ನೋ ಹಳೆಯ ಹರಿಕಥೆಯನ್ನೋ ಆಕಾಶವಾಣಿಯ ವಾರ್ತೆಯನ್ನೋ ಕೇಳುವುದು ನನ್ನ ಬಹುಕಾಲದ ಅಭ್ಯಾಸ. ನಮ್ಮ ಮನೆಯವರು ಒಂಬತ್ತಕ್ಕೆ ಮಲಗುವವರು. ಆದುದರಿಂದ ಮನೆಯ ಶಾಂತಿಗಾಗಿ ಹೆಡ್‌ಫೋನು. ನಾನು ನಿವೃತ್ತನಾದಾಗ ಮಗಳು ಕೊಡಿಸಿದ್ದು ಇಷ್ಟು ವರ್ಷ ದುಡಿಯಿತು. ಹೋದ ದೀಪಾವಳಿಯ ಹೊತ್ತಿಗೆ ಅದರ ಎಡಭಾಗದಲ್ಲಿ ಶಬ್ದ ಬಂದು ಬಂದು ಹೋಗತೊಡಗಿತು. ಪಿನ್ನಿನ ಬುಡದಲ್ಲಿ ವೈರನ್ನು ಒಂದು ಕಡೆಗೆ ಬಾಗಿಸಿ ಹಿಡಿದರೆ ಬರುತ್ತಿತ್ತು, ಬಿಟ್ಟರೆ ಇಲ್ಲ. ಬಂದಾಗಲೂ ಎಡಗಡೆ ಯಾಕೋ ಕ್ಷೀಣ. ಕೆಲವು ದಿನ ರಬ್ಬರ್ ಬ್ಯಾಂಡು ಸುತ್ತಿ, ಧ್ವನಿಯನ್ನು ಇನ್ನಷ್ಟು ಏರಿಸಿ ಕಾಲ ತಳ್ಳಿದೆ. ಕೊನೆಗೆ ಪಿಂಚಣಿಯಲ್ಲಿ 1,500 ರೂಪಾಯಿಯನ್ನು ಬೇರೆ ತೆಗೆದಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, 1,350 ಕೊಟ್ಟು ಹೊಸದೊಂದನ್ನು ತಂದೆ.

ಮನೆಗೆ ಬಂದು ಹಾಕಿಕೊಂಡರೆ ಅದರಲ್ಲಿಯೂ ಎಡಭಾಗ ಕ್ಷೀಣ! ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಅಲ್ಲಿ ನಿಂತಿದ್ದೆ. ವಯಸ್ಸಾದವರು ಎಂದರೆ ಏನನ್ನಾದರೂ ಕಟ್ಟಿ ಕಳಿಸಬಹುದು ಎಂದುಕೊಂಡಿದ್ದೀರಾ ಎಂಬರ್ಥದ ಮಾತುಗಳನ್ನು, ತರಗತಿಯ ಗಟ್ಟಿ ಧ್ವನಿಯಲ್ಲಿಯೇ ಆಡಿದೆ. ಅಲ್ಲಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಎಲ್ಲವನ್ನೂ ಕೇಳಿಸಿಕೊಂಡು, “ಸಾರ್, ಒಂದ್ಸಲ ಇದನ್ನ ತಿರುಗಿಸಿ ಹಾಕ್ಕೊಳ್ಳಿ. ಎಡಗಡೇದು ಬಲಕ್ಕೆ ಬರ್ಲಿ” ಎಂದ. ಹಾಕಿಕೊಂಡೆ. ಕ್ಷೀಣವಾದದ್ದು ಬಲಕ್ಕೆ ಬರಲಿಲ್ಲ. ನನ್ನ ಎಡಗಿವಿಯಲ್ಲಿಯೇ ಉಳಿಯಿತು.

ಹುಡುಗ ಏನೂ ಹೇಳಲಿಲ್ಲ. ನನಗೆ ಎಲ್ಲವೂ ತಿಳಿಯಿತು.

ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದುದನ್ನು ಹಾಗೆಯೇ ಇಡಬೇಕು ಎಂದು ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆ ಹೇಳಿಕೊಟ್ಟವನು ನಾನು. ಬಲ್ಬು ಉರಿಯದಿದ್ದರೆ ಮೊದಲು ಬಲ್ಬು ಬದಲಿಸಿ ನೋಡಿ, ಆಮೇಲೆ ಶುಷ್ಕಕೋಶ, ಆಮೇಲೆ ತಂತಿ. ಹೆಡ್‌ಫೋನಿನ ವಿಷಯ ಬಂದಾಗ, ಮಂಡಲದಲ್ಲಿ ನನ್ನ ಕಿವಿಯೂ ಒಂದು ಭಾಗ ಎಂಬುದು ಹೊಳೆಯಲೇ ಇಲ್ಲ. ತನ್ನದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪರೀಕ್ಷಿಸುವುದು ಮನುಷ್ಯನ ಸ್ವಭಾವವೆಂದು ಕಾಣುತ್ತದೆ.

ಕಿವಿಯ ವೈದ್ಯರು ಎಡಗಿವಿಯಿಂದ ಗಟ್ಟಿಯಾಗಿದ್ದ ಗುಗ್ಗೆಯನ್ನು ತೆಗೆದರು. ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯಿತು. ಶ್ರವಣ ಪರೀಕ್ಷೆಯನ್ನೂ ಮಾಡಿಸಿದರು. 250 ಹರ್ಟ್ಸಿನಿಂದ 8,000 ಹರ್ಟ್ಸಿನವರೆಗಿನ ಆ ನಕ್ಷೆಯಲ್ಲಿ ಎರಡೂ ಕಿವಿಗಳ ಗೆರೆ 3,000 ದಾಟಿದ ಮೇಲೆ ಇಳಿಜಾರು ಹಿಡಿದಿತ್ತು. ವಯಸ್ಸಾದಂತೆ ಮೊದಲು ಕುಂದುವುದು ಈ ಎತ್ತರದ ಆವರ್ತನಗಳೇ. ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿದೆ. ‘ಸ’, ‘ಶ’, ‘ತ’, ‘ಕ’ ಮುಂತಾದ ವ್ಯಂಜನಗಳ ಗುರುತು ಮೇಲಿನ ಆವರ್ತನಗಳಲ್ಲಿದೆ. ಆದುದರಿಂದ ಮಾತು ಕೇಳಿಸುತ್ತದೆ, ಆದರೆ ‘ಸಾಲು’ ಎಂದರೋ ‘ಹಾಲು’ ಎಂದರೋ ‘ಕಾಲು’ ಎಂದರೋ ತಿಳಿಯುವುದಿಲ್ಲ. ಹಳೆಯ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸನ್ನು ಮಾತ್ರ ಒಯ್ಯುತ್ತಿದ್ದುದರಿಂದ, ಅದರಲ್ಲಿ ಹೆಸರು ಹೇಳುವಾಗ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿದ್ದುದು ನಿಮಗೆ ನೆನಪಿರಬಹುದು. ಮುದಿ ಕಿವಿಯ ಅವಸ್ಥೆಯೂ ಹೆಚ್ಚುಕಡಿಮೆ ಅದೇ.

ಈ ಅನುಭವದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹೊಸ ಹೆಡ್‌ಫೋನನ್ನು ಆರಿಸುವ ಕೆಲಸ ಅಂಗಡಿಯಲ್ಲಿ ಆರಂಭವಾಗಬಾರದು, ಮನೆಯಲ್ಲಿ ಆರಂಭವಾಗಬೇಕು. ಮೊದಲು ಹಳೆಯದನ್ನು ತಿರುಗಿಸಿ ಹಾಕಿಕೊಳ್ಳಿ. ದೋಷ ಕಿವಿ ಬದಲಿಸಿತೋ ಇಲ್ಲವೋ ನೋಡಿ. ಆಮೇಲೆ ಅದನ್ನು ಇನ್ನೊಂದು ಫೋನಿಗೆ ಸಿಕ್ಕಿಸಿ, ಸಂದೇಹ ಫೋನಿನ ತೂತಿನ ಮೇಲಿದ್ದರೆ ಅದೂ ನಿವಾರಣೆಯಾಗುತ್ತದೆ. ಆ ತೂತಿನಲ್ಲಿ ಅಂಗಿಯ ಜೇಬಿನ ನೂಲು ಕಸ ಸೇರಿರುವುದೂ ಉಂಟು. ಹಾಡು ಕೇಳುವಾಗ ಹಾಡುಗಾರರು ಮಾಯವಾಗಿ ಪಕ್ಕವಾದ್ಯ ಮಾತ್ರ ಟೊಳ್ಳಾಗಿ ಕೇಳಿಸಿದರೆ ಗಾಬರಿ ಬೇಡ. ಎರಡೂ ಬದಿಗೆ ಸಾಮಾನ್ಯವಾದ ಮರಳುವ ತಂತಿ ತುಂಡಾಗಿರಬಹುದು ಎಂಬುದಕ್ಕೆ ಅದು ಲಕ್ಷಣ.

ತಂತಿಯ ದೋಷವೆಂದು ತಿಳಿದರೆ ರಿಪೇರಿ ಮಾಡಿಸಿ. ವೈರಿನ ಹೆಡ್‌ಫೋನಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಪಿನ್ನಿನ ಬುಡ, ಅನಂತರ ಕಿವಿಯ ಮೆತ್ತೆ. ಒಳಗಿರುವ ಆಯಸ್ಕಾಂತ, ಸುರುಳಿ, ಪೊರೆ ಇವು ಸುಲಭವಾಗಿ ಸಾಯುವುದಿಲ್ಲ. ನನ್ನ ಹಳೆಯದನ್ನು ಅದೇ ರಸ್ತೆಯ ರಿಪೇರಿಯವರೊಬ್ಬರು ವೈರು ಕತ್ತರಿಸಿ, ಹೊಸ ಪಿನ್ನು ಬೆಸೆದು, 80 ರೂಪಾಯಿ ತೆಗೆದುಕೊಂಡು ಕೈಗಿತ್ತರು. ಈಗ ಅದು ಚೆನ್ನಾಗಿಯೇ ಹಾಡುತ್ತಿದೆ. ಅಂದರೆ ನನಗೆ ಬೇಕಾಗಿದ್ದುದು 80 ರೂಪಾಯಿಯ ಪಿನ್ನು ಮತ್ತು ಕಿವಿಯ ವೈದ್ಯರು. ನಾನು ಕೊಂಡದ್ದು 1,350 ರೂಪಾಯಿಯ ಹೆಡ್‌ಫೋನು. ಮರಳಿ ಕೊಡಲು ನಾಚಿಕೆಯಾಗಿ ಅದನ್ನೂ ಇಟ್ಟುಕೊಂಡಿದ್ದೇನೆ.

ಕೊಳ್ಳಲೇಬೇಕು ಎಂದಾದರೆ ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಅಕ್ಷರಗಳನ್ನು ಬಿಟ್ಟು ಸಣ್ಣ ಅಕ್ಷರಗಳನ್ನು ಓದಿ. ‘20ರಿಂದ 20,000 ಹರ್ಟ್ಸ್’ ಎಂದು ಎಲ್ಲದರ ಮೇಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಫೋನಿಗೆ 16ರಿಂದ 32 ಓಮ್ ಪ್ರತಿಬಾಧೆಯದು ಹೊಂದುತ್ತದೆ. 250 ಓಮಿನ ಸ್ಟುಡಿಯೋ ಹೆಡ್‌ಫೋನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದು ಫೋನಿನಲ್ಲಿ ಪಿಸುಗುಟ್ಟೀತು. ದೊಡ್ಡಬಳ್ಳಾಪುರದ ಕಡೆಯ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನಕ್ಕೆಂದು ಬ್ಯಾಟರಿಯೇ ಇಲ್ಲದ ಡಯೋಡ್ ರೇಡಿಯೋ ಮಾಡಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗವನ್ನು ಹಿಡಿದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿದೆಯಲ್ಲ? ಅದಕ್ಕೆ 2,000 ಓಮಿನ ಹಳೆಯ ಹೆಡ್‌ಫೋನೇ ಬೇಕಾಗಿತ್ತು, ಕ್ಯಾಸೆಟ್ ಪ್ಲೇಯರಿನದು ಹಾಕಿದರೆ ಮೌನ. ಬೆಲೆಗಿಂತ ಹೊಂದಾಣಿಕೆ ಮುಖ್ಯ ಎಂದು ಅಂದು ಹೇಳಿದ ಮಾತು ಇಂದಿಗೂ ಸಲ್ಲುತ್ತದೆ.

ಎರಡನೆಯದಾಗಿ, ‘ಎಕ್ಸ್‌ಟ್ರಾ ಬಾಸ್’ ಎಂಬ ಹೊಗಳಿಕೆಗೆ ಮರುಳಾಗಬೇಡಿ. ಮಂದ್ರ ಧ್ವನಿಯನ್ನು ಉಬ್ಬಿಸಿದ ಹೆಡ್‌ಫೋನಿನಲ್ಲಿ ವ್ಯಂಜನಗಳು ಮುಚ್ಚಿಹೋಗುತ್ತವೆ. ಆಗ ವಯಸ್ಸಾದವರು ಮಾಡುವುದು ಒಂದೇ, ಧ್ವನಿಯನ್ನು ಏರಿಸುವುದು. ಅಂಗಡಿಯಲ್ಲಿ ಸಿನಿಮಾ ಹಾಡು ಹಾಕಿ ಪರೀಕ್ಷಿಸದೆ ವಾರ್ತೆ ಹಾಕಿ ಪರೀಕ್ಷಿಸಿ. ಸಣ್ಣ ಧ್ವನಿಯಲ್ಲಿ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸುವುದಾದರೆ ಅದು ಒಳ್ಳೆಯ ಹೆಡ್‌ಫೋನು. ಕನ್ನಡಕ ಹಾಕಿಕೊಂಡೇ ಕೇಳಿ. ಕಿವಿಯ ಮೇಲೆ ಕನ್ನಡಕದ ಕಡ್ಡಿಯನ್ನು ಒತ್ತುವ ಹೆಡ್‌ಫೋನು ಹತ್ತು ನಿಮಿಷದ ಮೇಲೆ ಶಿಕ್ಷೆ. ವೈರನ್ನೂ ಮೆತ್ತೆಯನ್ನೂ ಬಿಡಿಸಿ ಬದಲಿಸಬಹುದಾದರೆ ನೂರು ಇನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನನ್ನಂತೆ ಗುಗ್ಗೆ ಕಟ್ಟುವ ಕಿವಿಯವರು, ಕಿವಿಯೊಳಗೆ ತುರುಕುವ ಬಗೆಯದಕ್ಕಿಂತ ಹೊರಗಿನಿಂದ ಮುಚ್ಚುವ ಬಗೆಯದನ್ನು ಆರಿಸುವುದು ಕ್ಷೇಮ.

ವೈರಿಲ್ಲದವುಗಳ ಬಗ್ಗೆ ನನಗೆ ದ್ವೇಷವಿಲ್ಲ. ವೈರು ಕಾಲಿಗೆ ತೊಡರಿ ಬೀಳುವ ಭಯವಿರುವ ಹಿರಿಯರಿಗೆ ಅವು ಉಪಕಾರಿ. ಈಗಿನ ಅನೇಕ ಫೋನುಗಳಲ್ಲಿ 3.5 ಮಿಲಿಮೀಟರಿನ ತೂತೇ ಇರುವುದಿಲ್ಲ ಎಂಬುದೂ ನಿಜ. ಆದರೆ ಅದಕ್ಕೆ ಒಂದು ಸಣ್ಣ ಅಡಾಪ್ಟರು ಸಾಕು. ವೈರಿಲ್ಲದ ಸಣ್ಣ ಗುಂಡಿಗಳಂತಹವುಗಳಲ್ಲಿ ಲಿಥಿಯಂ ಕೋಶವನ್ನು ಸಾಮಾನ್ಯವಾಗಿ ಒಳಗೇ ಮುಚ್ಚಿ ಅಂಟಿಸಿರುತ್ತಾರೆ. ಚಾರ್ಜು ಮಾಡಿದಷ್ಟೂ ಅದರ ಶಕ್ತಿ ಕುಂದುತ್ತದೆ, ಕೆಲವು ವರ್ಷಗಳಲ್ಲಿ ಕೋಶ ಮುದಿಯಾದರೆ ಉಳಿದೆಲ್ಲ ಗಟ್ಟಿಯಾಗಿದ್ದರೂ ಇಡಿಯಾಗಿ ಎಸೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಇದು ಆಗದ ಲೆಕ್ಕ. ಹಾಗೆಂದು ದಿನವೂ ಬಸ್ಸಿನ ಗದ್ದಲದಲ್ಲಿ ಕೇಳುವವರಿಗೆ ಹೊರಗಿನ ಸದ್ದನ್ನು ತಡೆಯುವ ಬಗೆಯದು ಒಳ್ಳೆಯದೇ. ಹೊರಗಿನ ಸದ್ದು ತಗ್ಗಿದರೆ ಒಳಗಿನದನ್ನು ಏರಿಸಬೇಕಾಗಿಲ್ಲ. ರಸ್ತೆ ದಾಟುವಾಗ ಮಾತ್ರ ತೆಗೆದಿಡಿ.

ಈ ಏರಿಸುವ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಬಿಡುಗಡೆ ಮಾಡಿದ ಮಾನದಂಡದ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ 75 ಡೆಸಿಬಲ್ ಮಟ್ಟದಲ್ಲಿ 40 ಗಂಟೆ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಆದುದರಿಂದ ಸಮಯ ಅರ್ಧಕ್ಕಿಳಿಯಬೇಕು. ಲೆಕ್ಕ ಮಾಡಿ ನೋಡಿ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ವಾರವಿಡೀ ಎರಡೂವರೆ ಗಂಟೆ ಮಾತ್ರ. ಫೋನಿನ ಧ್ವನಿಯನ್ನು ಗರಿಷ್ಠದ ಶೇಕಡಾ 60ರೊಳಗೆ ಇಡುವುದು ಒಂದು ಸುಲಭ ನಿಯಮ. ಎಡಗಿವಿಯ ಗುಗ್ಗೆಯನ್ನು ಹೆಡ್‌ಫೋನಿನ ದೋಷವೆಂದು ಬಗೆದು, ಪ್ರತಿರಾತ್ರಿ ಧ್ವನಿಯನ್ನು ತುದಿಗೇರಿಸಿ, ಸರಿಯಾಗಿದ್ದ ಬಲಗಿವಿಗೂ ನಾನು ಹೊಡೆತ ಕೊಡುತ್ತಿದ್ದೆ! ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಯಾವ ರಸ್ತೆಯ ಯಾವ ಅಂಗಡಿಯಲ್ಲಿಯೂ ಅವಕ್ಕೆ ಬಿಡಿಭಾಗ ಸಿಕ್ಕದು.

ಒಂದು ಕಿವಿ ಮಂದವಾಗಿರುವ ಹಿರಿಯರಿಗೆ ಖರ್ಚಿಲ್ಲದ ಉಪಾಯವೊಂದಿದೆ. ಈಗಿನ ಫೋನುಗಳ ಸೆಟ್ಟಿಂಗ್ಸಿನಲ್ಲಿ, ಆಕ್ಸೆಸಿಬಿಲಿಟಿ ಎಂಬಲ್ಲಿ, ‘ಮೊನೊ ಆಡಿಯೊ’ ಎಂಬುದನ್ನು ಒತ್ತಿದರೆ ಎರಡೂ ಬದಿಯ ಶಬ್ದ ಎರಡೂ ಕಿವಿಗೆ ಸೇರಿ ಬರುತ್ತದೆ. ಎಡಬಲಗಳ ತೂಕವನ್ನೂ ಅಲ್ಲಿಯೇ ಸರಿಪಡಿಸಬಹುದು. ಆದರೆ ಹೆಡ್‌ಫೋನು ಶ್ರವಣಯಂತ್ರಕ್ಕೆ ಬದಲಿಯಲ್ಲ. ಅಪ್ಪನಿಗೆ ಟಿ.ವಿ. ಕೇಳಿಸದಿದ್ದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಹೆಡ್‌ಫೋನು ಆಮೇಲೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸವನ್ನೇ ಮಾಡುತ್ತ ಬಂದಿದೆ. ಆ ಕಡೆಯವರಿಗೆ ದೂರದ ಮಾತಲ್ಲ.

ಕೊನೆಯದಾಗಿ, ಬಹಳ ದಿನದಿಂದ ಹೇಳಬೇಕೆಂದುಕೊಂಡಿದ್ದ ಒಂದು ಮಾತು. 1990ರ ದಶಕದಲ್ಲಿ ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಟಿಪ್ಪಣಿ ಬರೆಸುವಾಗ ‘ಧನಾಗ್ರ’ ಎಂದರೆ ‘ಘನಾಗ್ರ’ ಎಂದು ಬರೆಯುತ್ತಿದ್ದ. ಎರಡು ಸಲ ತಿದ್ದಿದೆ. ಮೂರನೆಯ ಸಲ ಬೆಂಚಿನ ಮೇಲೆ ನಿಲ್ಲಿಸಿದೆ, ತರಗತಿಯೆಲ್ಲ ನಕ್ಕಿತು. ವಾರದ ಮೇಲೆ ಅವನ ತಾಯಿ ಶಾಲೆಗೆ ಬಂದು, “ಮಗೀಗೆ ಚಿಕ್ಕಂದಿನಿಂದ ಕಿವಿ ಸೋರ್ತದೆ ಸ್ವಾಮಿ, ಸರಿಯಾಗಿ ಕೇಳ್ಸಾಕಿಲ್ಲ” ಎಂದರು. ಅವನನ್ನು ಮುಂದಿನ ಬೆಂಚಿಗೆ ಕರೆತಂದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಆ ಕಾಲದಲ್ಲಿ ಮೇಷ್ಟರು ಹುಡುಗರಿಗೆ ಹಾಗೆ ಹೇಳುವ ಪದ್ಧತಿ ಇರಲಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅಂಗಡಿಯಲ್ಲಿ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಅವನ ಮುಖ. ಅಂಗಡಿಯ ಹುಡುಗ ನನ್ನನ್ನು ಯಾರ ಮುಂದೆಯೂ ನಗೆಪಾಟಲು ಮಾಡಲಿಲ್ಲ. ನಾನು ಮಾಡಿದ್ದೆ.

ಅಂಗಡಿಯ ಹುಡುಗನಿಗೆ ಅಂದೇ ಕ್ಷಮೆ ಕೇಳಿದೆ. ಆ ಇನ್ನೊಬ್ಬ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥನಾಗಿರಬೇಕು. ಇದನ್ನು ಓದಿದರೆ, ಅಥವಾ ಅವನ ಸಹಪಾಠಿಗಳು ಯಾರಾದರೂ ಓದಿದರೆ, ಮೇಷ್ಟರು ತಪ್ಪಾಯಿತು ಎಂದರೆಂದು ತಿಳಿಸಿ. ನಿಮ್ಮ ಮನೆಯಲ್ಲಿ ಮಗುವೊಂದು ಕರೆದರೆ ಓಗೊಡದಿದ್ದರೆ, ಅದನ್ನು ಗದರಿಸುವ ಮೊದಲು ಒಮ್ಮೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಿರಿ.