ಮೆಟ್ಟಿಲ ಮೇಲಿನ ಹಬ್ಬದೂಟ

ಪಾಸೋವರ್ ಬಂತು ಅಂತ ಸವ್ತಾ ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ರು. ಟೇಬಲ್ ಮೇಲೆ ಸಾಲು ತಟ್ಟೆಗಳು, ಎಣಿಸಿದೆ, ಹದಿನಾಲ್ಕು. 2020ರಲ್ಲಿ ಇದೇ ಟೇಬಲ್ ಮೇಲೆ ಒಂದೇ ಒಂದು ತಟ್ಟೆ ಇತ್ತು.

ಆಗ ನಾನು ಇಸ್ರೇಲಿನ ರಮತ್ ಗನ್‌ನಲ್ಲಿ ಬಾಡಿಗೆಗಿದ್ದೆ. ಸವ್ತಾ ಅಂದರೆ ಹೀಬ್ರೂನಲ್ಲಿ ಅಜ್ಜಿ. ಮೇಲಿನ ಮನೆಯ ಓನರ್. ಯುಗಾದಿಗೆ ಊರಿಗೆ ಬರಬೇಕಿದ್ದ ನನ್ನ ಟಿಕೆಟ್ ಕ್ಯಾನ್ಸಲ್ ಆಗಿತ್ತು. ಸಂಬಳ ಅರ್ಧಕ್ಕೆ ಇಳಿದಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. "ಎಲ್ಲ ಆರಾಮಮ್ಮ" ಅಂತ ದಿನಾ ಫೋನ್ ಇಡ್ತಿದ್ದೆ.

ಏಪ್ರಿಲ್ 8ರ ರಾತ್ರಿ ಸೇಡರ್, ಅಂದರೆ ಪಾಸೋವರ್‌ನ ಮೊದಲ ರಾತ್ರಿಯ ಊಟ. ಈಜಿಪ್ಟಿನ ಗುಲಾಮಗಿರಿಯಿಂದ ಪೂರ್ವಜರು ಬಿಡುಗಡೆಯಾದ ಕಥೆ ಹೇಳಿಕೊಂಡು ಮನೆಮಂದಿಯೆಲ್ಲ ಉಣ್ಣುವ ಹಬ್ಬ. ಆ ಸಲ ಸಂಜೆಯಿಂದ ಬೆಳಗಿನವರೆಗೆ ಯಾರೂ ಮನೆ ಬಿಡುವಂತಿಲ್ಲ ಅಂತ ಸರ್ಕಾರದ ಆದೇಶ. ಹೈಫಾದಲ್ಲಿದ್ದ ಮಗನೂ ಬರುವಂತಿರಲಿಲ್ಲ. ಅಂಗಡಿಗಳಲ್ಲಿ ಮೊಟ್ಟೆಗೆ ಬರ. ಸೇಡರ್ ತಟ್ಟೆಗೆ ಅದು ಬೇಕೇ ಬೇಕು. ನನ್ನ ಹತ್ತಿರ ನಾಲ್ಕಿತ್ತು, ಎರಡು ಕೊಡಲು ಹೋದೆ. ಬಾಗಿಲು ತೆರೆದಿತ್ತು. ಸವ್ತಾ ಅಕ್ಕಿ ಆರಿಸ್ತಾ ಕೂತಿದ್ರು. ಯುರೋಪ್ ಮೂಲದ ಎಷ್ಟೋ ಯೆಹೂದಿಗಳು ಈ ಹಬ್ಬದಲ್ಲಿ ಅನ್ನ ಮುಟ್ಟಲ್ಲ. ಇರಾಕಿನವರು ಉಣ್ತಾರೆ, ಆದರೆ ಒಂದು ಗೋಧಿ ಕಾಳೂ ಉಳಿಯದಂತೆ ಮೂರು ಸಲ ಆರಿಸ್ತಾರೆ. ಮೊರ ಹಿಡಿದು ಕೂರುವ ಅಮ್ಮನೇ ಕಂಡಂತಾಯ್ತು.

"ರಾತ್ರಿ ಊಟ ಇಲ್ಲೇ. ನಿನ್ನ ಬಾಗಿಲಲ್ಲಿ ನೀನು, ನನ್ನ ಬಾಗಿಲಲ್ಲಿ ನಾನು" ಅಂದ್ರು.

ನನ್ನ ಪಾಲು ಮೆಟ್ಟಿಲ ಮೇಲಿತ್ತು: ಬಾದಾಮಿ, ಒಣದ್ರಾಕ್ಷಿ ಹಾಕಿದ ಅನ್ನ, ಹುಳಿ ಬರಿಸದ ಮಾತ್ಸಾ ರೊಟ್ಟಿ, ಕಹಿ ಸೊಪ್ಪು, ಖರ್ಜೂರದ ಪಾಕಕ್ಕೆ ಅಕ್ರೋಟು ಬೆರೆಸಿದ ಹಲೇಕ್. ಸೊಪ್ಪು ಗುಲಾಮಗಿರಿಯ ಕಹಿ. ಅದನ್ನು ಸಿಹಿ ಹಲೇಕ್‌ನಲ್ಲಿ ಅದ್ದಿ ತಿನ್ನಬೇಕು. ಆ ವರ್ಷದ ನನ್ನ ಬೇವು-ಬೆಲ್ಲ ಅದೇ ಆಯ್ತು.

ಈ ರಾತ್ರಿ ಯಾಕೆ ಬೇರೆ ಅಂತ ಮನೆಯ ಕಿರಿಯರು ಪ್ರಶ್ನೆ ಕೇಳೋದು ಪದ್ಧತಿ. ಕಿರಿಯ ಅಂತ ಇದ್ದವನು ನಾನೇ. ಹೀಬ್ರೂ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು ತಡವರಿಸುತ್ತ ಕೇಳಿದೆ. ಸವ್ತಾ ಈಜಿಪ್ಟಿನ ಕಥೆ ಮುಗಿಸಿ ತಮ್ಮದು ಶುರು ಮಾಡಿದ್ರು. 1951ರಲ್ಲಿ, ಆರನೇ ವಯಸ್ಸಿಗೆ ಬಾಗ್ದಾದ್ ಬಿಟ್ಟದ್ದು, ವಲಸಿಗರ ಶಿಬಿರದ ಡೇರೆ, ರೇಷನ್, ಕೆಲಸ ಸಿಗದೆ ಸುಮ್ಮನೆ ಕೂತಿರುತ್ತಿದ್ದ ಅಪ್ಪ.

"ಇದನ್ನೆಲ್ಲ ಮೊಮ್ಮಕ್ಕಳಿಗೂ ಹೇಳ್ತೀರಾ?"

"ಹೇಳದೆ ಮತ್ತೆ? ಇವತ್ತು ಓದೋ ಪುಸ್ತಕದ ಹೆಸರೇ ಹಗ್ಗಾದಾ. ಹಾಗಂದ್ರೆ ಹೇಳೋದು ಅಂತ."

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಸಂಬಳದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಏನೋ ಇದೆ ಅಂತ ಗೊತ್ತಿತ್ತು ಕಣೋ. ಏನು ಅಡುಗೆ ಮಾಡ್ಕೊಂಡೆ ಅಂತ ಹೇಳೋದೇ ಬಿಟ್ಟಿದ್ದೆ. ಅಂಗಡಿ ಹುಡುಗರ ಸಂಬಳಕ್ಕೆ ಅಂತ ನಾವೂ ನನ್ನ ಬಳೆ ಅಡ ಇಟ್ವಿ. ನಿನಗೆ ಹೇಳಿರಲಿಲ್ಲ."

ಇಬ್ಬರೂ ಸುಮ್ಮನಾದ್ವಿ. ಆಮೇಲೆ ಅಮ್ಮನೇ ಕೇಳಿದಳು: "ಅದೇನೋ ಖರ್ಜೂರದ್ದು ತಿಂದೆ ಅಂದ್ಯಲ್ಲ, ಅದನ್ನ ಹೇಗೆ ಮಾಡೋದು?"