ಅವ್ವನ ಮುಖಕ್ಕೆ ಸುಣ್ಣ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಕಳೆದ ವರ್ಷ ಎಂಟು ತಿಂಗಳ ಕಾಲ ಒಬ್ಬ ಅಪರಿಚಿತ ಹೆಂಗಸಿನ ಪಟ ತೂಗಿತ್ತು. ಆಕೆ ಉಟ್ಟ ಸೀರೆ ನನ್ನ ಅವ್ವನದು. ಮೂಗುತಿ ಅವ್ವನದು. ತಲೆಯ ಮೇಲೆ ಸೆರಗು ಹೊದ್ದ ರೀತಿಯೂ ಅವ್ವನದೇ. ಮುಖ ಮಾತ್ರ ಅವಳದಲ್ಲ. ನನ್ನ ಅವ್ವ ಕಪ್ಪಗಿದ್ದಳು. ಪಟದಲ್ಲಿದ್ದಾಕೆ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿದ್ದಳು. ಆ ಪಟಕ್ಕೆ ನಾನೇ ಕೈಯಾರ ಹಾರ ಹಾಕಿದ್ದೇನೆ, ಊದಿನಕಡ್ಡಿ ಹಚ್ಚಿದ್ದೇನೆ. ಈ ವಿಷಯದಲ್ಲಿ ನಾಲ್ಕು ಖಾರದ ಮಾತು ಆಡುವ ಅಧಿಕಾರ ನನಗೇನಾದರೂ ಇದ್ದರೆ, ಅದು ಈ ತಪ್ಪಿನಿಂದಲೇ ಬಂದದ್ದು.

ನಡೆದದ್ದು ಇಷ್ಟು. ಅವ್ವನ ದಿನಕರ್ಮಕ್ಕೆ ಪಟ ಬೇಕಾಯಿತು. ಬಾಗಲಕೋಟೆಯ ನವನಗರದಲ್ಲಿರುವ ನನ್ನ ಅಕ್ಕ, ತನ್ನ ಮಗನ ಮದುವೆಯಲ್ಲಿ ಮೊಬೈಲಿನಿಂದ ತೆಗೆದಿದ್ದ ಒಂದು ಫೋಟೋವನ್ನು ಅಲ್ಲಿಯ ಒಂದು ಸ್ಟುಡಿಯೋಕ್ಕೆ ಕೊಟ್ಟಳು. ಮರುದಿನ ಸಂಜೆಗೆ ಗಾಜು, ಕಟ್ಟು ಸಹಿತ ಪಟ ಮನೆಗೆ ಬಂತು. ನೆರೆದವರೆಲ್ಲ, “ಎಷ್ಟ್ ಚೆಂದ ಬಂದೈತ್ರೀ, ಲಕ್ಷ್ಮಿ ಕುಂತಂಗ ಕಾಣ್ತಾಳ” ಎಂದು ಹೊಗಳಿದರು. ನನಗೆ ಒಳಗೊಳಗೇ ಏನೋ ಚುಚ್ಚಿತು. ಸ್ಟುಡಿಯೋದ ಹುಡುಗನಿಗೆ ಫೋನು ಮಾಡಿ ಕೇಳಿದೆ. ಆತ ಪಾಪ, ಗಾಬರಿಯಾಗಿ ಹೇಳಿದ: “ಕಾಕಾರ, ಮಾರಿ ಭಾಳ ಡಾರ್ಕ್ ಇತ್ತ್ರೀ. ಕ್ಲೀನ್ ಮಾಡೇವಿ. ಅದಕ್ಕೇನೂ ರೊಕ್ಕ ಹಚ್ಚಿಲ್ರೀ.”

ಕ್ಲೀನ್ ಮಾಡೇವಿ! ಹೊಲಸಾದದ್ದನ್ನು ಕ್ಲೀನ್ ಮಾಡುತ್ತಾರೆ. ಅಂಗಳವನ್ನು ಮಾಡುತ್ತಾರೆ, ಬಚ್ಚಲನ್ನು ಮಾಡುತ್ತಾರೆ. ಎಂಬತ್ತರ ಹತ್ತಿರದವರೆಗೆ ಬಿಸಿಲು ಮಳೆಯಲ್ಲಿ ದುಡಿದು, ನಾಲ್ಕು ಮಕ್ಕಳನ್ನು ಹೆತ್ತು, ಯಾರ ಮುಂದೆಯೂ ತಲೆತಗ್ಗಿಸದೆ ಬಾಳಿದ ಒಂದು ಮುಖದ ಬಣ್ಣ ಹೊಲಸು ಎಂದು ತೀರ್ಮಾನಿಸಿದವರು ಯಾರು? ಆ ಹುಡುಗನೊಬ್ಬನೇ ಅಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಗಿರಾಕಿಗೆ ಇದೇ ಬೇಕು ಎಂಬುದು ಅವನಿಗೆ ಗೊತ್ತಿತ್ತು. ಊರೂರಿನ ಸರ್ಕಲ್ಲಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಕಟ್ಟಿದ ಫ್ಲೆಕ್ಸುಗಳನ್ನು ಒಮ್ಮೆ ನಿಂತು ನೋಡಿರಿ. ಸತ್ತವರೆಲ್ಲ ಒಂದೇ ಮನೆತನದವರಂತೆ ಕಾಣುತ್ತಾರೆ. ಸಾವು ಎಲ್ಲರನ್ನೂ ಸಮ ಮಾಡುತ್ತದೆಂದು ಹಿರಿಯರು ಹೇಳಿದ್ದರು. ಹೀಗೆ ಬೆಳ್ಳಗೆ ಸಮ ಮಾಡುತ್ತದೆಂದು ಹೇಳಿರಲಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಆ ಹುಡುಗ ಅವ್ವನ ಸೀರೆಯನ್ನು ಮುಟ್ಟಿರಲಿಲ್ಲ. ಕೆಂಪು ಸೆರಗು, ಅದರ ಮೇಲಿನ ಬಿಳಿಯ ತೆನೆ, ದಡಿಯ ಒಂದೊಂದು ಗೆರೆ ಇದ್ದದ್ದು ಇದ್ದ ಹಾಗೆ ಉಳಿದಿದ್ದವು. ನಾನು ಇಳಕಲ್ಲಿನವನು, ಮಗ್ಗದ ಸಪ್ಪಳ ಕೇಳುತ್ತ ಬೆಳೆದವನು. ಇಲ್ಲಿ ಸೀರೆಯ ಒಡಲು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಒಂದೊಂದು ಎಳೆಗೂ ಕೊಂಡಿ ಹಾಕಿ ಒಡಲನ್ನೂ ಸೆರಗನ್ನೂ ಕೂಡಿಸುತ್ತಾರೆ. ದಾಳಿಂಬೆ ಕೆಂಪು ಎಂದು ಹೇಳಿ ಇಟ್ಟಂಗಿ ಕೆಂಪು ಕೊಟ್ಟರೆ ಗಿರಾಕಿ ಸೀರೆಯನ್ನು ಮಾರಿಗೆ ಎಸೆದು ಹೋಗುತ್ತಾಳೆ. ಈ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ. ಬೇರೆ ಕಡೆ ನೇಯ್ದದ್ದನ್ನು ಇಳಕಲ್ ಎಂದು ಮಾರಿದರೆ ಕಾನೂನಿನ ಅಡ್ಡಿಯಿದೆ. ಸೀರೆಯ ಬಣ್ಣಕ್ಕೆ ಇಷ್ಟು ಮರ್ಯಾದೆ ಉಂಟು. ಸೀರೆ ಉಟ್ಟವಳ ಬಣ್ಣಕ್ಕೆ ಇಲ್ಲ.

ನ್ಯಾಯವಾಗಿ ಮಾತಾಡಬೇಕು. ಫೋಟೋವನ್ನು ತಿದ್ದುವ ವಿದ್ಯೆಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೊದಲು ತಪ್ಪಿದ್ದು ಕ್ಯಾಮರಾದ್ದು. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ನಮ್ಮ ಅಜ್ಜಂದಿರ ಕಾಲದ ಪಟಗಳಲ್ಲಿ ಇಳಕಲ್ಲಿನ ಕೆಂಪು ಸೆರಗು ಕಾಡಿಗೆಯಂತೆ ಕಪ್ಪಾಗಿ ಕಾಣುವುದು ಇದೇ ಕಾರಣಕ್ಕೆ. ಕಂದು ಮೈಯಲ್ಲಿಯೂ ಕೆಂಪಿನ ಪಾಲು ದೊಡ್ಡದು. ಅದೂ ಇದ್ದದ್ದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. ಅದರ ಮೇಲೆ ನಮ್ಮ ಕಡೆಯ ಗಂಡಸರ ಉಡುಪು ನೋಡಿರಿ: ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲು. ಕ್ಯಾಮರಾದ ಬೆಳಕಿನ ಮಾಪಕ ಎದುರಿಗಿರುವ ಎಲ್ಲವನ್ನೂ ಕೂಡಿಸಿ ಸರಾಸರಿ ನಡುಬಣ್ಣಕ್ಕೆ ತರಲು ನೋಡುತ್ತದೆ. ಅಷ್ಟು ಬಿಳುಪು ಎದುರಿಗೆ ಬಂದರೆ ಬೆಳಕನ್ನು ತಗ್ಗಿಸುತ್ತದೆ. ರುಮಾಲು ಚೆಂದ ಬರುತ್ತದೆ, ಅದರ ಕೆಳಗಿನ ಮುಖ ಗವಿಯಾಗುತ್ತದೆ. ಬಣ್ಣದ ಫಿಲ್ಮು ಬಂದ ಮೇಲಾದರೂ ಈ ಅನ್ಯಾಯ ತೀರಿತೇ? ಇಲ್ಲ. 1950ರ ದಶಕದಿಂದ ಕೊಡಕ್ ಕಂಪನಿ ಬಣ್ಣ ಹೊಂದಿಸಲು ಮುದ್ರಣಶಾಲೆಗಳಿಗೆ ಕೊಡುತ್ತಿದ್ದ ಮಾದರಿ ಚಿತ್ರ ಒಬ್ಬ ಬಿಳಿಯ ಹೆಂಗಸಿನದು. ಶರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರು. ಅವಳ ಕೆನ್ನೆ ಸರಿಬಂದರೆ ಲೋಕದ ಬಣ್ಣವೆಲ್ಲ ಸರಿಬಂತೆಂದು ಲೆಕ್ಕ. ಬೇರೆ ಬೇರೆ ಮೈಬಣ್ಣದವರನ್ನು ಕೂಡಿಸಿದ ಕಾರ್ಡು ಬರಬೇಕಾದರೆ 1990ರ ದಶಕ ಬರಬೇಕಾಯಿತು.

ಇಂಥ ಯಂತ್ರದ ಎದುರು ಕುಳಿತ ನಮ್ಮ ಹಳೆಯ ಫೋಟೋಗ್ರಾಫರು ಸೀಸದ ಪೆನ್ಸಿಲನ್ನು ಸೂಜಿಯಂತೆ ಚೂಪು ಮಾಡಿ, ನೆಗೆಟಿವನ್ನು ಬೆಳಕಿಗೆ ಹಿಡಿದು, ಮುಖದ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ಅಂದರೆ ಮುಖ ಬೆಳಗಬೇಕಾದರೆ ಅದಕ್ಕೆ ಕಪ್ಪು ಹಚ್ಚಬೇಕು! ಆ ಕಪ್ಪು, ಯಂತ್ರ ಕಸಿದುಕೊಂಡದ್ದನ್ನು ಮುಖಕ್ಕೆ ಮರಳಿ ಕೊಡುವ ಕಪ್ಪು. ಅಲ್ಲಿಯವರೆಗೆ ಅದು ನ್ಯಾಯ. ಆದರೆ ಸಾಲವನ್ನು ತೀರಿಸುವ ಕೈ ಸಾಲ ತೀರಿದಲ್ಲಿ ನಿಲ್ಲಬೇಕು. ನಮ್ಮ ಕೈ ನಿಲ್ಲಲಿಲ್ಲ. ಮುಖದ ನಿಜಬಣ್ಣವನ್ನು ದಾಟಿ ಮುಂದೆ ಹೋಯಿತು. ಅಂದು ಪೆನ್ಸಿಲಿಗೆ ತಾಸುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಂದು ಮೊಬೈಲಿನಲ್ಲಿ ಬೆರಳಿನ ಒಂದು ಎಳೆತಕ್ಕೆ ಆಗುತ್ತದೆ. ಎಷ್ಟೋ ಫೋನುಗಳು ಕೇಳದೆಯೂ ಮಾಡಿಕೊಡುತ್ತವೆ. ಶ್ರಮವಿದ್ದಾಗ ಒಂದು ವಿಚಾರವಾದರೂ ಇತ್ತು. ಈಗ ಅದೂ ಇಲ್ಲ.

ಪೇಟೆಯೂ ಇದಕ್ಕೆ ತುಪ್ಪ ಸುರಿಯಿತು. 1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಮುಲಾಮು ಬಂದು, ಬಿಳುಪೇ ಚೆಲುವು ಎಂದು ಮನೆಮನೆಗೆ ಸಾರಿತು. 2020ರಲ್ಲಿ ಕಂಪನಿ ಆ ಹೆಸರಿನಿಂದ ‘ಫೇರ್’ ಅನ್ನು ತೆಗೆದು ‘ಗ್ಲೋ’ ಎಂದು ಇಟ್ಟಿತು. ಅದೇ ವರ್ಷ ವಧೂವರರನ್ನು ಕೂಡಿಸುವ ಒಂದು ದೊಡ್ಡ ಜಾಲತಾಣ, ಮೈಬಣ್ಣ ನೋಡಿ ಹುಡುಕುವ ಸೌಲಭ್ಯವನ್ನು ಜನರ ಆಕ್ಷೇಪಕ್ಕೆ ಮಣಿದು ಕಿತ್ತುಹಾಕಿತು. ವ್ಯಾಪಾರಿಗಳಿಗೂ ತುಸು ನಾಚಿಕೆಯಾಯಿತೆನ್ನೋಣ. ನಮ್ಮ ಪಡಸಾಲೆಗಳಿಗೆ ಮಾತ್ರ ಇನ್ನೂ ಆಗಿಲ್ಲ.

ನನ್ನ ತಕರಾರಿಗೆ ಎರಡು ಉತ್ತರಗಳು ಬಂದವು. ಎರಡೂ ಹಗುರವಾದವಲ್ಲ.

ಒಂದನೆಯದು: ಅವ್ವನಿಗೇ ಬೆಳ್ಳಗೆ ಕಾಣುವ ಆಸೆಯಿರಲಿಲ್ಲವೇ? ಇತ್ತು. ಮದುವೆಯಾದ ಹೊಸದರಲ್ಲಿ ಅಪ್ಪ ಅವ್ವ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ಬಣ್ಣದ ಪರದೆಯ ಮುಂದೆ ಕುಳಿತು ತೆಗೆಸಿಕೊಂಡ ಒಂದು ಸಣ್ಣ ಫೋಟೋ ನಮ್ಮ ಟ್ರಂಕಿನಲ್ಲಿದೆ. ಅದರಲ್ಲಿ ಅವ್ವ ಮುಖಕ್ಕೆ ಎಷ್ಟು ಪಾವಡರು ಬಳಿದಿದ್ದಾಳೆಂದರೆ ಕೊರಳಿನ ಹತ್ತಿರ ಗಡಿರೇಖೆ ಎದ್ದು ಕಾಣುತ್ತದೆ. ಅದನ್ನು ತೋರಿಸಿ ಆಕೆ ಎಷ್ಟೋ ಸಲ ನಕ್ಕದ್ದುಂಟು. “ಹಿಟ್ಟಿನ ಡಬ್ಬಿಯಾಗ ಬಿದ್ದೆದ್ದಂಗ ಕಾಣ್ತೀನಿ ನೋಡು” ಎನ್ನುತ್ತಿದ್ದಳು. ಆ ಪಾವಡರಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹಚ್ಚಿಕೊಂಡವಳು ಆಕೆ, ತೊಳೆದುಕೊಂಡವಳೂ ಆಕೆ, ಮುಪ್ಪಿನಲ್ಲಿ ಅದನ್ನು ನೋಡಿ ನಕ್ಕವಳೂ ಆಕೆಯೇ. ಬದುಕಿದ್ದವರ ಸಿಂಗಾರ ಬದುಕಿದ್ದವರ ಸ್ವಂತ ಸೊತ್ತು. ಸತ್ತ ಮೇಲೆ ಇನ್ನೊಬ್ಬರು ಹಚ್ಚಿದ್ದನ್ನು ಆಕೆ ತೊಳೆದುಕೊಳ್ಳಲಾರಳು, ನಗಲೂ ಆರಳು. ಇವೆರಡೂ ಒಂದೇ ಎನ್ನುವವರು, ತಾನಾಗಿ ದಾನ ಕೊಟ್ಟದ್ದೂ ಕಳುವಾದದ್ದೂ ಒಂದೇ ಎಂದು ಹೇಳಿಯಾರು.

ಎರಡನೆಯ ಉತ್ತರ ಅಕ್ಕನದು. “ಇರಲಿ ಬಿಡೋ ತಮ್ಮಾ. ಇದ್ದಾಗೆಲ್ಲಾ ಕರಿಯವ್ವ ಅನಿಸಿಕೊಂಡ್ಲು. ಸತ್ತ ಮ್ಯಾಲರೆ ಚೆಂದ ಕಾಣಲಿ” ಎಂದಳು. ಈ ಮಾತಿಗೆ ನಾನು ಆ ಹೊತ್ತು ಸುಮ್ಮನಾದೆ. ಅದರಲ್ಲಿರುವ ಪ್ರೀತಿಯನ್ನು ಅಲ್ಲಗಳೆಯಲಾರೆ. ಆದರೆ ಅದರಲ್ಲಿ ಒಂದು ದೊಡ್ಡ ಸೋಲು ಅಡಗಿದೆ. ಅವ್ವನನ್ನು ಕರಿಯವ್ವ ಎಂದು ಹಂಗಿಸಿದವರು ಯಾರು? ಬಣ್ಣ ನೋಡಿ ವರದಕ್ಷಿಣೆ ಹೆಚ್ಚು ಕೇಳಿದವರು, ಮದುವೆಯ ಮನೆಯಲ್ಲಿ ಹಿಂದಕ್ಕೆ ನಿಲ್ಲಿಸಿದವರು. ತಪ್ಪು ಅವರದು. ಈಗ ಅವಳ ಮುಖವನ್ನು ಬೆಳ್ಳಗೆ ಮಾಡಿ ತೂಗುಹಾಕಿದರೆ ನಾವು ಹೇಳಿದಂತಾಯಿತೇನು? ‘ನೀವು ಹಂಗಿಸಿದ್ದು ಸರಿ, ದೋಷ ಇದ್ದದ್ದೇ, ಅದನ್ನು ನಾವೀಗ ತಿದ್ದಿದ್ದೇವೆ’ ಎಂದು. ಅಂದರೆ ಆಕೆ ಬದುಕಿರುವತನಕ ಒಪ್ಪಿಕೊಳ್ಳದ ತೀರ್ಪಿಗೆ ಆಕೆಯ ಮಕ್ಕಳಾದ ನಾವು ಸಹಿ ಹಾಕಿ, ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದೆವು.

ಕಪ್ಪಿಗೆ ನಮ್ಮ ನಾಡಿನಲ್ಲಿ ಬೆಲೆಯಿಲ್ಲವೆಂದು ಯಾರು ಹೇಳಿದರು? ಅವ್ವನ ತವರು ಹುನಗುಂದ ತಾಲೂಕಿನ ಒಂದು ಹಳ್ಳಿ, ಎರೆ ಭೂಮಿ. ಅಲ್ಲಿ ಹೊಲ ಕೊಳ್ಳುವವನು ಒಂದು ಹೆಂಟೆ ಕೈಗೆ ತೆಗೆದುಕೊಂಡು, ಕರ್ರಗಿದ್ದಷ್ಟೂ ಸಂತೋಷಪಡುತ್ತಾನೆ. ಮಳೆಯ ಹಸಿಯನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಬಿಳಿಜೋಳವನ್ನು ಸಾಕುವುದು ಆ ಕಪ್ಪೇ. ಬಾದಾಮಿಯ ಹತ್ತಿರದ ಬನಶಂಕರಿಗೆ ಹೋಗಿರಿ. ಬನದ ಹುಣ್ಣಿಮೆಗೆ ಜನ ಸಾಗರದಂತೆ ಹರಿದುಬಂದು ಕೈಮುಗಿಯುವ ಆ ತಾಯಿಯ ಮೂರ್ತಿ ಕರಿಗಲ್ಲಿನದು. ಪಂಢರಪುರದ ವಿಠೋಬನೂ ಕರಿಯನೇ. ಅಜಂತೆಯ ಒಂದನೆಯ ಗುಹೆಯ ಚಿತ್ರಕಾರ ಕಪ್ಪು ಮೈಯ ರಾಜಕುಮಾರಿಯನ್ನು ಕಪ್ಪಾಗಿಯೇ ಬರೆದ. ಲೋಕ ಇಂದಿಗೂ ಬೆರಗಾಗಿ ನೋಡುತ್ತದೆ. ಕರಿಯ ದೇವಿಯ ಮುಂದೆ ತೆಂಗಿನಕಾಯಿ ಒಡೆದು ಮನೆಗೆ ಬಂದು, ಕರಿಯ ತಾಯಿಯ ಮುಖಕ್ಕೆ ಸುಣ್ಣ ಬಳಿಯುವ ನಮ್ಮ ಭಕ್ತಿಗೆ ಏನೆನ್ನಬೇಕು?

ಇನ್ನು, ಪಟವೆಂದರೆ ಬರೀ ಅಲಂಕಾರವೆಂದು ತಿಳಿದವರು ಹಳೆಯ ಬಾಗಲಕೋಟೆಯವರನ್ನು ಕೇಳಲಿ. ಆಲಮಟ್ಟಿಯ ಹಿನ್ನೀರು ಊರಿನೊಳಕ್ಕೆ ಬಂದಾಗ ಮನೆಗಳು ಹೋದವು, ಓಣಿಗಳು ಹೋದವು. ಜನ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ನಡೆದರು. ಅಕ್ಕನ ಅತ್ತೆಯ ಮನೆಯೂ ಮುಳುಗಿತು. ಅವರು ಎದೆಗವಚಿಕೊಂಡು ತಂದದ್ದು ದೇವರ ಜಗಲಿಯ ಮೂರ್ತಿಗಳನ್ನು ಮತ್ತು ಗೋಡೆಯ ಪಟಗಳನ್ನು. ಮನೆಯಿಲ್ಲ, ಕಟ್ಟೆಯಿಲ್ಲ, ಗುರುತು ಹೇಳುವ ನೆರೆಯವರು ಚದುರಿದ್ದಾರೆ. ಅಂಥ ಮನೆತನಕ್ಕೆ ಹಿರಿಯರ ಪಟ ಒಂದು ಸಾಕ್ಷಿ. ಆ ಸಾಕ್ಷಿಯೇ ಸುಳ್ಳು ಹೇಳತೊಡಗಿದರೆ ಮುಂದಿನವರು ಯಾರನ್ನು ಕೇಳಬೇಕು?

ಕೇಳಿದವಳು ನನ್ನ ಮಗಳೇ. ಹನ್ನೊಂದು ವರ್ಷದವಳು. ಬಣ್ಣ, ಮೂಗು, ನಗು ಎಲ್ಲವೂ ಅಜ್ಜಿಯವು. ಹುಟ್ಟಿದಂದಿನಿಂದ ಎಲ್ಲರೂ ಅದನ್ನೇ ಹೇಳುತ್ತ ಬಂದಿದ್ದಾರೆ. ಒಂದು ದಿನ ಸಾಲಿಯಿಂದ ಬಂದವಳು ಪಟದ ಮುಂದೆ ಬಹಳ ಹೊತ್ತು ನಿಂತು, “ಅಪ್ಪಾ, ಆಯಿ ಹಿಂಗ ಬೆಳ್ಳಗಿದ್ಲೇನು?” ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ, “ಮತ್ತ ಎಲ್ಲಾರೂ ನಾ ಆಯಿ ಹಂಗ ಅದೀನಿ ಅಂತಿದ್ರು?” ಎಂದಳು.

ಎಂಟು ತಿಂಗಳು ನನಗೆ ಆಗದಿದ್ದ ಧೈರ್ಯ ಆ ಒಂದು ಮಾತಿನಿಂದ ಬಂತು. ಒಂದು ಪಟವನ್ನು ಬೆಳ್ಳಗೆ ಮಾಡಿದಾಗ ನಾವು ಸತ್ತವರಿಗೆ ಮಾತ್ರ ಅನ್ಯಾಯ ಮಾಡಿದೆವೆಂದು ತಿಳಿದಿದ್ದೆ. ಹಾಗಲ್ಲ. ಆ ಮುಖವನ್ನು ಹೊತ್ತು ಇನ್ನೂ ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದ ಒಂದು ಕೂಸಿನಿಂದ ಅದರ ಹಿರಿಯಳನ್ನೇ ಕಸಿದುಕೊಂಡಿದ್ದೆವು. ಆಕೆಗೆ ಉಳಿದದ್ದು ಕನ್ನಡಿಯಲ್ಲಿಯ ತನ್ನ ಮುಖವೊಂದೇ. ಅದರಂಥ ಮುಖ ಮನೆಯ ಗೋಡೆಯ ಮೇಲೆ ಎಲ್ಲಿಯೂ ಇಲ್ಲ.

ಮರುದಿನ ಅಕ್ಕನ ಮಗನ ಫೋನಿನಿಂದ ಮೂಲ ಫೋಟೋ ತರಿಸಿ, ಇಳಕಲ್ಲಿನಲ್ಲಿಯೇ ಎದುರಿಗೆ ಕುಳಿತು ಬೇರೆ ಪಟ ಮಾಡಿಸಿದೆ. ಮದುವೆಯ ಹಂದರದ ನೆರಳು ಹಣೆಯ ಮೇಲೆ ಬಿದ್ದಿತ್ತು. ಅದನ್ನು ಹಗುರ ಮಾಡಿಸಿದೆ. ಅದು ಬೆಳಕಿನ ತಪ್ಪು, ಅವ್ವನದಲ್ಲ. ಬಣ್ಣವನ್ನು ಮುಟ್ಟಗೊಡಲಿಲ್ಲ. ಗದ್ದದ ಹಸಿರು ಹಚ್ಚೆಯ ಚುಕ್ಕೆ ಮೊದಲಿನ ಪಟದಲ್ಲಿ ಕಲೆಯೆಂದು ಅಳಿಸಿಹೋಗಿತ್ತು; ಅದೂ ಮರಳಿ ಬಂತು. ಅಕ್ಕ ಒಪ್ಪಲಿಲ್ಲ. ಬೆಳ್ಳನೆಯ ಪಟವನ್ನು ನವನಗರಕ್ಕೆ ಒಯ್ದು ತನ್ನ ಮನೆಯಲ್ಲಿ ಹಾಕಿಕೊಂಡಿದ್ದಾಳೆ. ಅವಳ ದುಃಖದ ಜತೆ ಜಗಳವಾಡುವ ಮನಸ್ಸು ನನಗಿಲ್ಲ. ಹೀಗಾಗಿ ಸದ್ಯ ನಮಗೆ ಇಬ್ಬರು ತಾಯಂದಿರು.

ಸ್ಟುಡಿಯೋದವರ ಮೇಲೆ ಎಲ್ಲ ಭಾರ ಹೊರಿಸಿ ಕೈತೊಳೆದುಕೊಳ್ಳುವುದು ಬೇಡ. ಅವರು ಗಿರಾಕಿಯ ಮನಸ್ಸನ್ನು ಓದಿ ಹೊಟ್ಟೆ ಹೊರೆಯುವವರು. ಓದಿಗೆ ಸಿಗುವ ಮನಸ್ಸೇ ಕೆಟ್ಟಿದ್ದರೆ ಅವರೇನು ಮಾಡಿಯಾರು? ಮಾಡಬೇಕಾದದ್ದು ನಾವು, ಅದೂ ಸಣ್ಣ ಕೆಲಸ. ಫೋಟೋ ತೆಗೆಯುವಾಗ ರುಮಾಲಿಗಲ್ಲ, ಮುಖಕ್ಕೆ ಬೆಳಕು ಹೊಂದಿಸಲು ಹೇಳಬೇಕು. ಗೀರು ಬಿದ್ದಲ್ಲಿ, ಹುಳು ತಿಂದಲ್ಲಿ, ನೆರಳು ಕವಿದಲ್ಲಿ ತಿದ್ದಿಸಬೇಕು, ಅಲ್ಲಿಗೆ ನಿಲ್ಲಿಸಬೇಕು. ತಿದ್ದದ ಮೂಲ ಪ್ರತಿಯೊಂದನ್ನು ಮನೆಯಲ್ಲಿ ಜೋಪಾನವಾಗಿ ಇಡಬೇಕು. ಪಟ ಮಾಡಿಸಲು ಕೊಡುವಾಗ, ಅಂಗಡಿಯ ಹುಡುಗ ಬಾಯಿ ತೆರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು: “ತಮ್ಮಾ, ನಮ್ಮವ್ವ ಕಪ್ಪಗಿದ್ಲು. ಹಂಗ ಇರ್ಲಿ.”