ಗಂಧದ ಗುಡಿಗೆ ಸಾವೊ ಸಿಂಹ ಬಂದ್ರೆ



ಈ ತಿಂಗಳು ಸ್ವಲ್ಪ ಪಿಕ್ಚರ್ ಮಾತು. 'ಕೆಜಿಎಫ್ ರಾಕಿ ಭಾಯ್ ಬಂದು ಪಾಪ ಪಾಂಡು ಮನೇಲಿ ಬಾಡಿಗೆಗಿದ್ರೆ?' ಅಂತ ಊಟದ ಹೊತ್ತಿಗೆ ಒಬ್ಬರು ಶುರು ಮಾಡಿದ್ರೆ ಸಾಕು, ಪಾತ್ರೆ ತೊಳೆಯೋವರೆಗೂ ಕಥೆ ಬೆಳೀತಾ ಹೋಗುತ್ತೆ. (ಪಾಂಡು ಹೆಂಡತಿ ಮುಂದೆ ರಾಕಿ ಭಾಯ್ ತೆಪ್ಪಗಾಗ್ತಾನೆ, ಅದರಲ್ಲಿ ಸಂಶಯ ಬೇಡ.) ರೂಮಲ್ಲಿ ನಾವು ಸುಮ್ನೆ ಆಡೋ ಈ ಆಟ ನೈರೋಬಿಯಲ್ಲಿ ಒಂದು ಕಸುಬೇ ಆಗಿದೆ.

ಡಿಜೆ ಆಫ್ರೊ ಹೆಸರು ಕೇಳದ ಮಟಾಟು ಕಂಡಕ್ಟರ್ ಸಿಗೋದು ಕಷ್ಟ. ಹಾಲಿವುಡ್ಡೋ, ಹಾಂಗ್‌ಕಾಂಗೋ, ನಮ್ಮ ಇಂಡಿಯಾದ್ದೋ, ಯಾವ ಫೈಟಿಂಗ್ ಸಿನಿಮಾ ಆದ್ರೂ ಅದರ ಮೇಲೆ ಸ್ವಾಹಿಲಿ, ಶೆಂಗ್ ಬೆರೆಸಿ ತನ್ನ ಮಾತು ಹರಿಸ್ತಾನೆ. ಇದು ಡಬ್ಬಿಂಗ್ ಅಲ್ಲ. ತಾಳಮದ್ದಲೆ ಅರ್ಥಧಾರಿ ಇದ್ದಂಗೆ. ಪ್ರಸಂಗ ಯಾರದ್ದೋ, ಮಾತು ಅವನದೇ. ತಗಡಿನ ಶೆಡ್ಡಿನ ವಿಡಿಯೊ ಹಾಲ್‌ನಲ್ಲಿ ಕೂತವರಿಗೆ ಹೀರೋ ಅಂದ್ರೆ 'ಸ್ಟೆರಿಂಗಿ', ಅವನು ಸಾಯೋ ಹಾಗೇ ಇಲ್ಲ.

ನಮ್ಮವರು ಡಬ್ಬಿಂಗ್ ಬೇಡ ಅಂತ 60ರ ದಶಕದಲ್ಲಿ ಗಟ್ಟಿಯಾಗಿ ನಿಂತವರು. ಆದ್ರೆ ಕಲೆಸೋದನ್ನ ಬಿಟ್ಟಿರಲಿಲ್ಲ. ಜೇಮ್ಸ್ ಬಾಂಡ್‌ನ ಕನ್ನಡಕ್ಕೆ ಕರೆತಂದು, 1968ರಲ್ಲಿ 'ಜೇಡರ ಬಲೆ'ಯಲ್ಲಿ ಅಣ್ಣಾವ್ರನ್ನ ಸಿಐಡಿ 999 ಮಾಡಿದ್ರಲ್ಲ ದೊರೈ-ಭಗವಾನ್, ಅದು ಕಲಬೆರಕೆ ಅಲ್ದೆ ಮತ್ತೇನು? ಒಳ್ಳೇ ಕಲಬೆರಕೆ.

ಇದೇ ಧೈರ್ಯದ ಮೇಲೆ ನನ್ನದೊಂದು ಮಿಕ್ಸ್ ಕೇಳಿ. 'ಗಂಧದ ಗುಡಿ'ಗೆ ಸಾವೊ ಸಿಂಹ.

ಮೊಂಬಾಸಾಗೆ ರೈಲಲ್ಲಿ ಹೋದವರು ಸಾವೊ ದಾಟಿರ್ತೀರಿ. ಹೆಸರಲ್ಲೇ 'ಸಾವು' ಇದೆಯಲ್ಲ ಅಂತ ನಮ್ಮೋರು ನಗೋದುಂಟು. 1898ರಲ್ಲಿ ಅಲ್ಲಿ ಹಳೇ ರೈಲಿನ ಸೇತುವೆ ಕಟ್ಟುವಾಗ ಎರಡು ಸಿಂಹ ತಿಂಗಳುಗಟ್ಟಲೆ ಡೇರೆಗಳಿಂದ ಕೂಲಿಗಳನ್ನ ಎಳೆದುಕೊಂಡು ಹೋದವು. ಇಂಜಿನಿಯರ್ ಪ್ಯಾಟರ್ಸನ್ ಡಿಸೆಂಬರ್‌ನಲ್ಲಿ ಎರಡನ್ನೂ ಹೊಡೆದ, 1907ರಲ್ಲಿ ಪುಸ್ತಕ ಬರೆದ, 1924ರಲ್ಲಿ ಚರ್ಮಗಳನ್ನ ಚಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಐದು ಸಾವಿರ ಡಾಲರಿಗೆ ಮಾರಿದ. ಹಾಲಿವುಡ್ ಇದನ್ನ 1952ರಲ್ಲಿ 'ಬ್ವಾನಾ ಡೆವಿಲ್' ಅಂತ ಮಾಡ್ತು, 1996ರಲ್ಲಿ 'ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್' ಅಂತ ಮತ್ತೆ ಮಾಡ್ತು. ಎರಡನೆಯದರಲ್ಲಿ ನಮ್ಮ ಓಂ ಪುರಿ ಇದ್ದಾರೆ, ಚೆನ್ನಾಗೂ ಮಾಡಿದ್ದಾರೆ. ಆದ್ರೂ ಕಥೆಯೆಲ್ಲ ಬಂದೂಕು ಹಿಡಿದವರದ್ದು. ಕೂಲಿಗಳು ಓಡೋಕೆ, ಕಿರುಚೋಕೆ, ಸಾಯೋಕೆ.

ನನ್ನ ಪಿಕ್ಚರ್‌ನಲ್ಲಿ ಸಾವೊ ಸ್ಟೇಷನ್‌ಗೆ ಇಳಿಯೋದು ಫಾರೆಸ್ಟ್ ಆಫೀಸರ್ ಕುಮಾರ್. ಅಣ್ಣಾವ್ರದ್ದೇ ನಡಿಗೆ, ಖಾಕಿ ಬಟ್ಟೆ. ಪ್ಯಾಟರ್ಸನ್ ಬಂದೂಕು ಕೊಡೋಕೆ ಬಂದ್ರೆ ಕುಮಾರ್ ಮೊದಲು ಹಾಜರಿ ಪುಸ್ತಕ ಕೇಳ್ತಾರೆ. ಸತ್ತವರು ಯಾರು, ಯಾವ ಊರು, ಮನೆಗೆ ತಿಳಿಸಿದ್ದೀರಾ? ಇದು ನಾನು ಕಟ್ಟಿದ್ದಲ್ಲ, ಪ್ಯಾಟರ್ಸನ್ ಪುಸ್ತಕದಲ್ಲೇ ಇದೆ: ಸಿಂಹಕ್ಕೆ ಬಲಿಯಾದ ಭಾರತದ ಕೂಲಿಗಳು 28. ಆಫ್ರಿಕದವರೂ ಎಷ್ಟೋ ಜನ ಸತ್ತರು, ಅವರ ಲೆಕ್ಕವನ್ನೇ ಇಟ್ಟಿರಲಿಲ್ಲ. ಕುಮಾರ್ ಪುಸ್ತಕದ ಹಾಳೆ ತಿರುವಿ ತಿರುವಿ, 'ಇವರ ಪುಟ ಎಲ್ಲಿ?' ಅಂತ ಕೇಳೋ ದೃಶ್ಯಕ್ಕೆ ಮ್ಯೂಸಿಕ್ಕೂ ಬೇಡ.

ಆಮೇಲೆ ಅವರು ಸಿಂಹದ ಕಡೆ ನೋಡ್ತಾರೆ. ಆ ಕಾಲಕ್ಕೆ ರಿಂಡರ್‌ಪೆಸ್ಟ್ ಅನ್ನೋ ದನದ ಪಿಡುಗು ಬಂದು ಕಾಡೆಮ್ಮೆಗಳೂ ಸತ್ತಿದ್ದವು, ಬೇಟೆ ಕಮ್ಮಿ. ಮೇಲಾಗಿ ಒಂದು ಸಿಂಹದ ಹಲ್ಲು ಮುರಿದು ಬುಡದಲ್ಲಿ ಕೀವಾಗಿತ್ತು ಅಂತ ತಲೆಬುರುಡೆ ಪರೀಕ್ಷೆ ಮಾಡಿದವರು ಹೇಳಿದ್ದಾರೆ. ಹಲ್ಲುನೋವು! ಹಲ್ಲುನೋವಲ್ಲಿ ಯಾರು ತಾನೆ ಒಳ್ಳೇವರಾಗಿರ್ತಾರೆ? ಇನ್ನೊಂದು ಮಜಾ: ಎರಡೂ ಅಣ್ಣ ತಮ್ಮ ಇರಬಹುದು ಅಂತ ಡಿಎನ್ಎ ಪರೀಕ್ಷೆ ಹೇಳುತ್ತೆ. ಗಂಧದ ಗುಡಿಯಲ್ಲೂ ಅಣ್ಣ ತಮ್ಮನ ಕಥೆಯೇ ಅಲ್ವಾ.

ಇಂಟರ್‌ವಲ್‌ಗೆ ಮುಷ್ಕರ. ಇದೂ ನಡೆದದ್ದೇ: ನೂರಾರು ಕೂಲಿಗಳು ಹಳಿ ಮೇಲೆ ಅಡ್ಡ ಮಲಗಿ ರೈಲು ನಿಲ್ಲಿಸಿ, ಹತ್ತಿಕೊಂಡು ಹೋದರು. ಒಪ್ಪಂದಕ್ಕೆ ಬಂದಿದ್ದು ಸರ್ಕಾರದ ಕೆಲಸಕ್ಕೆ, ಸಿಂಹದ ಹೊಟ್ಟೆ ತುಂಬಿಸೋಕಲ್ಲ ಅನ್ನೋದು ಅವರ ತಕರಾರು. ಇದರಲ್ಲಿ ಹೇಡಿತನ ಏನಿದೆ ಹೇಳಿ.

ಇಂಟರ್‌ವಲ್ ಆದ ಮೇಲೆ ಕೇಸು ಕೋರ್ಟಿಗೆ. ಯಾವ ಕೋರ್ಟು? ಕೆಬಿಸಿ ಟಿವಿಯ 'ವಿಯೋಜ ಮಹಾಕಮಾನಿ'! ಇಲ್ಲಿಯ ಸಹೋದ್ಯೋಗಿಗಳನ್ನ ಕೇಳಿ, ಚಿಕ್ಕವರಿದ್ದಾಗ ಮನೆಮಂದಿ ಎಲ್ಲ ಕೂತು ನೋಡ್ತಿದ್ದ ಕೋರ್ಟ್ ಕಾಮಿಡಿ ಅದು. ಕಟಕಟೆಯಲ್ಲಿ ಕೂಲಿಗಳ ಪಕ್ಕ ಅಲ್ಲಿಯ ಒಂಡಿಯೆಕ್. ಕೂಲಿಗಳ ಪರ ವಕೀಲರು ಟಿ.ಎನ್. ಸೀತಾರಾಂ ಅವರ ಸಿಎಸ್‌ಪಿ. ಕನ್ನಡಕ ಸರಿ ಮಾಡಿಕೊಂಡು, ಮೆಲ್ಲಗೆ, ಒಂದೇ ಪ್ರಶ್ನೆ: 'ಸ್ವಾಮಿ, ಈ ಅಗ್ರಿಮೆಂಟ್‌ನ ಇವರಿಗೆ ಯಾವ ಭಾಷೇಲಿ ಓದಿ ಹೇಳಿದ್ರಿ?' ಕೋರ್ಟ್ ಹಾಲ್ ನಿಶ್ಶಬ್ದ. ಸೀತಾರಾಂ ಸೀರಿಯಲ್ ಆದ್ದರಿಂದ ಉತ್ತರ ಮೂರು ವಾರ ಬಿಟ್ಟು ಬರುತ್ತೆ.

ಅಷ್ಟರೊಳಗೆ ನಮ್ಮಲ್ಲಿ ಅಗ್ರಿಮೆಂಟ್ ಪೂರ್ತಿ ಓದಿ ಸೈನ್ ಮಾಡಿದವರು ಎಷ್ಟು ಜನ, ಕೈ ಎತ್ತಿ. ಓದದೇ ಇದ್ದವರು ಈ ಭಾನುವಾರ ಪೆಟ್ಟಿಗೆಯಿಂದ ತೆಗೆದು ರಜೆ, ಟಿಕೆಟ್, ಆಸ್ಪತ್ರೆ ಖರ್ಚಿನ ಸಾಲುಗಳನ್ನಾದ್ರೂ ನೋಡಿ. ಇಂಗ್ಲಿಷ್ ತೊಡಕಾದ್ರೆ ಗೊತ್ತಿರೋ ಗೆಳೆಯರ ಪಕ್ಕ ಕೂತು ಓದಿಸಿಕೊಳ್ಳಿ, ನಾಚಿಕೆ ಬೇಡ.

ಪಿಕ್ಚರ್‌ಗೆ ಸ್ವಾಹಿಲಿ ವಿವರಣೆ ಡಿಜೆ ಆಫ್ರೊದ್ದೇ ಆಗಬೇಕು. ಸಿಂಹಗಳಿಗೆ ದನಿ ಕೊಡೋಕೆ ಮಾತ್ರ ವಜ್ರಮುನಿ ಇರಬೇಕಿತ್ತು. ಈಗ ಆ ಗಂಟಲು ಯಾರಿಗಿದೆ? ನಿಮಗೆ ಹೊಳೆದ ಹೆಸರು ಬರೆದು ಕಳಿಸಿ, ಜೊತೆಗೆ ನಿಮ್ಮದೊಂದು ಮಿಕ್ಸ್ ಇದ್ರೆ ಅದನ್ನೂ.